ಸುದ್ದಿ ಓದಿ ಹೇಳುವ ಆ್ಯಪ್‌ಗೆ ಸಾಗರದ ಟೈಲರ್ ಕೊಟ್ಟ ಎರಡೂವರೆ ಸ್ಟಾರ್

ಆ್ಯಪ್ ಹೆಸರು ಬರೆಯುವುದಿಲ್ಲ. ಫೋನ್ ಕೊಂಡಾಗಲೇ ಒಳಗೆ ಕೂತಿತ್ತು, ನಿಮ್ಮ ಫೋನಿನಲ್ಲೂ ಇದ್ದೀತು. ಕನ್ನಡ ಸುದ್ದಿ ಕೊಡುತ್ತದೆ. ಸ್ಪೀಕರ್ ಗುರುತು ಒತ್ತಿದರೆ ಒಂದು ಹೆಣ್ಣುದನಿ ಓದಿಯೂ ಹೇಳುತ್ತದೆ. ನನಗೆ ಬೇಕಾಗಿದ್ದು ಅದೇ. ಸಾಗರದಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಕೈ ಬಟ್ಟೆ ಮೇಲೆ, ಕಣ್ಣು ಸೂಜಿ ಮೇಲೆ, ಕಿವಿ ಮಾತ್ರ ಖಾಲಿ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಪೇಪರ್ ಬಿಚ್ಚುವುದಕ್ಕೂ ಪುರುಸೊತ್ತಿರುವುದಿಲ್ಲ.

ಮೊದಲು ದನಿಯ ವಿಷಯ. ನಾನು ಅವಳಿಗೆ ಸರೋಜಕ್ಕ ಅಂತ ಹೆಸರಿಟ್ಟಿದ್ದೇನೆ. ಉಚ್ಚಾರ ಸ್ಪಷ್ಟ, ಸುಸ್ತು ಅನ್ನುವುದೇ ಇಲ್ಲ. ಆದರೆ ಅಪಘಾತ, ಅಡಿಕೆ ಧಾರಣೆ, ನಟಿಯ ಮದುವೆ ಎಲ್ಲಕ್ಕೂ ಒಂದೇ ಸ್ವರ. 'ರೂ.' ಅಂತ ಬಂದರೆ 'ರೂ' ಎಂದು ನಿಂತುಬಿಡುತ್ತಾಳೆ, ಹಿಂದಿನಿಂದ ಯಾರೋ ಕೂಗಿದ ಹಾಗೆ. ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ದಿನಾ ಹೇಳುತ್ತಾಳೆ. ಇದು ನಿಜಕ್ಕೂ ಉಪಯೋಗದ್ದು. ಡ್ಯಾಂ ತುಂಬಿತೆಂದರೆ ಸಮುದ್ರ ಮಟ್ಟದಿಂದ 1,819 ಅಡಿ. ಸರೋಜಕ್ಕ ಅದನ್ನು "ಒಂದು, ಎಂಟುನೂರ ಹತ್ತೊಂಬತ್ತು" ಎಂದು ಓದುತ್ತಾಳೆ. ಒಂದು ಅಲ್ಪವಿರಾಮದಲ್ಲಿ ಸಾವಿರ ಅಡಿ ನೀರು ಮಾಯ.

ಇದರಲ್ಲಿ 'ವಿಚಿತ್ರ' ಅಂತ ಒಂದು ವಿಭಾಗ ಇದೆ. ಸುಮ್ನೆ ಟೈಂಪಾಸ್ ಅಂದುಕೊಂಡೇ ಹಾಕಿದ್ದು. ಈಗ ನನ್ನ ಗಿರಾಕಿಗಳು ಅದನ್ನು ಕೇಳುವುದಕ್ಕೇ ಇನ್ನೊಂದು ಸ್ವಲ್ಪ ಹೊತ್ತು ಕೂರುತ್ತಾರೆ. ಗೋಡೆಗೆ ಟೇಪ್ ಹಚ್ಚಿ ಅಂಟಿಸಿದ ಬಾಳೆಹಣ್ಣಿನ ಕತೆ ಗೊತ್ತಲ್ವಾ? ಇಟಲಿಯ ಕಲಾವಿದ ಮೌರಿಜಿಯೋ ಕ್ಯಾಟೆಲಾನ್ 2019ರಲ್ಲಿ ಮಯಾಮಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 62 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 52 ಕೋಟಿಯ ಆಸುಪಾಸು. ಕೊಂಡವನು ಕ್ರಿಪ್ಟೊ ವ್ಯಾಪಾರಿ ಜಸ್ಟಿನ್ ಸನ್. ಹಾಂಗ್‌ಕಾಂಗ್‌ನಲ್ಲಿ ಪತ್ರಕರ್ತರನ್ನು ಕರೆದು, ಅವರ ಎದುರೇ ಸುಲಿದು ತಿಂದ. ಅಷ್ಟು ದುಡ್ಡಿಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು, ಹಣ್ಣನ್ನು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಹಣ್ಣು ಕೊಳೆತರೆ ಬೇರೆ ತಂದು ಅಂಟಿಸಿಕೊಳ್ಳಬಹುದು.

ಇದನ್ನು ಕೇಳಿ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಫಾಲ್ಸ್ ಹಚ್ಚಿಸಲು ಬಂದಿದ್ದವರೊಬ್ಬರು "ಪುಟ್ಟಬಾಳೆಯಾ, ಮಿಟ್ಲಿಯಾ?" ಎಂದು ಕೇಳಿದರು. ಇನ್ನೊಬ್ಬರಿಗೆ ಟೇಪಿನ ಚಿಂತೆ. ಮಳೆಗಾಲದಲ್ಲಿ ನಮ್ಮ ಗೋಡೆಗೆ ಕ್ಯಾಲೆಂಡರಿನ ಮೊಳೆಯೇ ನಿಲ್ಲುವುದಿಲ್ಲ, ಹಣ್ಣು ನಿಲ್ಲುತ್ತದಾ ಮಾರಾಯ್ತಿ ಅಂದರು. ನನಗೆ ಅನುಮಾನ ಬಂದು ಮಗಳ ಹತ್ತಿರ ಹುಡುಕಿಸಿದೆ. ಅಕ್ಷರಕ್ಕಕ್ಷರ ನಿಜ.

ತಮಾಷೆ ಇರುವುದು ಇಲ್ಲೇ. ನ್ಯೂಯಾರ್ಕಿನ ಬಾಳೆಹಣ್ಣಿನ ಸುದ್ದಿಗೆ ಒಗ್ಗರಣೆ ಹಾಕದವರು, ಇಲ್ಲೇ ಕೂಗಳತೆಯಲ್ಲಿ ನಡೆದದ್ದಕ್ಕೆ ಬಾಣಲೆಯನ್ನೇ ಸುರಿಯುತ್ತಾರೆ.

ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಕಾಣುತ್ತದೆ. ಆ್ಯಪ್‌ನ ತಲೆಬರಹ: "ನೀರೊಳಗಿಂದ ಎದ್ದು ಬಂತು ನಿಗೂಢ ಅಣೆಕಟ್ಟು! ಕಟ್ಟಿದ್ದು ಯಾರು?" ನನ್ನ ಹಳೆಯ ಗಿರಾಕಿಯೊಬ್ಬರು ಮುಳುಗಡೆ ಊರಿನವರು. ಅವರು ಕನ್ನಡಕ ತೆಗೆದು ಫೋನನ್ನೇ ದಿಟ್ಟಿಸಿದರು. "ನಿಗೂಢ ಎಂಥದ್ದು? ನಮ್ಮಪ್ಪ ಅದರ ಮೇಲೆ ನಡೆದುಕೊಂಡು ಹೋಗಿದ್ದಾರೆ." ಕಟ್ಟಿದ್ದು ಮೈಸೂರು ಸರ್ಕಾರ. ಜೋಗದ ವಿದ್ಯುತ್ತಿಗೆಂದು 1940ರ ದಶಕದಲ್ಲಿ ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿ ಮುಗಿದು ನೀರು ನಿಂತ ಮೇಲೆ ಅಣೆಕಟ್ಟೂ ಮುಳುಗಿತು, ಅವರ ಊರೂ ಮುಳುಗಿತು. ಕಟ್ಟಿದ್ದು ಯಾರು ಅಂತ ಕೇಳಿದ ಆ್ಯಪ್‌ಗೆ ಈ ಊರುಗಳ ನೆನಪೇ ಇಲ್ಲ. ಸರೋಜಕ್ಕ ಮಾತ್ರ ತಣ್ಣಗೆ ಮುಂದಿನ ಸುದ್ದಿಗೆ ಹೋದಳು: ಮಂಡಿನೋವಿಗೆ ವಿದಾಯ ಹೇಳಿದ ಅಜ್ಜಿ.

ಆ ಅಜ್ಜಿಯ ಮೇಲೆ ನನಗೆ ಸಿಟ್ಟಿದೆ. ಜಾಹೀರಾತು ಬೇಡ ಎಂದು ತಿಂಗಳಿಗೆ 49 ರೂಪಾಯಿ ಕಟ್ಟಿದೆ. ಜಾಹೀರಾತು ನಿಂತಿತು. ಎಣ್ಣೆ ಬಾಟಲಿ ಸುದ್ದಿಯ ವೇಷ ಹಾಕಿಕೊಂಡು ವಾಪಸ್ ಬಂತು. ಕೊನೆಯ ಸಾಲು ಓದುವ ತನಕ ಅದು ಸುದ್ದಿಯೋ ವ್ಯಾಪಾರವೋ ತಿಳಿಯುವುದಿಲ್ಲ. ಅಜ್ಜಿ ಒಮ್ಮೆ ಶಿರಸಿಯವರು, ಇನ್ನೊಮ್ಮೆ ತುಮಕೂರಿನವರು. ಎರಡೂ ಕಡೆ ಅದೇ ಸೀರೆ, ಅದೇ ಬ್ಲೌಸು. ತೋಳಿನ ಫಿಟ್ಟಿಂಗ್ ಸರಿಯಿಲ್ಲ, ನನ್ನ ಕಣ್ಣಿಗೆ ಅದು ತಪ್ಪುವುದಿಲ್ಲ.

ಜುಲೈ ಮಳೆಯಲ್ಲಿ ಇನ್ನೊಂದು ಕಾಟ. "ನಾಳೆ ಶಾಲೆಗೆ ರಜೆ ಇದೆಯಾ? ಇಲ್ಲಿದೆ ಮಾಹಿತಿ" ಎಂದು ಫೋನ್ ಗುಂಯ್ ಅನ್ನುತ್ತದೆ. ಪಕ್ಕದ ಮನೆ ಹುಡುಗ ಓಡಿ ಬರುತ್ತಾನೆ. ಸರೋಜಕ್ಕ ಮಳೆಯ ಮಹತ್ವದಿಂದ ಶುರು ಮಾಡಿ, ರೆಡ್ ಅಲರ್ಟ್ ಎಂದರೇನು ಎಂದು ವಿವರಿಸಿ, ಕಡೆಗೆ "ಜಿಲ್ಲಾಡಳಿತ ಇನ್ನೂ ಆದೇಶ ಹೊರಡಿಸಿಲ್ಲ" ಅನ್ನುತ್ತಾಳೆ. ಹುಡುಗನ ಮುಖ ನೋಡುವುದಕ್ಕಾಗುವುದಿಲ್ಲ.

ಅದೇ ಹಿನ್ನೀರಿನ ಮೇಲೆ ಕಟ್ಟಿದ ಸಿಗಂದೂರು ಸೇತುವೆ ಸುದ್ದಿಯನ್ನು ಮಾತ್ರ ಚೆನ್ನಾಗಿ ಕೊಟ್ಟರು. 2025ರ ಜುಲೈ 14ರಂದು ಉದ್ಘಾಟನೆ ಆದಾಗ ಉದ್ದ, ಖರ್ಚು, ಎಲ್ಲಿಂದ ಎಲ್ಲಿಗೆ ಎಲ್ಲ ನೇರವಾಗಿ ಇತ್ತು. ತುಮರಿ ಕಡೆಯ ನನ್ನ ಗಿರಾಕಿಗಳು ಅಷ್ಟು ವರ್ಷ ಲಾಂಚಿನ ಹೊತ್ತು ನೋಡಿಕೊಂಡು ಬ್ಲೌಸ್ ಒಯ್ಯುತ್ತಿದ್ದವರು. ಅವರು ಮತ್ತೆ ಮತ್ತೆ ಓದಿಸಿ ಕೇಳಿದರು. ಮರುದಿನವೇ "ಈ ಸೇತುವೆ ನೋಡಿದರೆ ದಂಗಾಗ್ತೀರಿ" ಶುರುವಾಯಿತು ಅನ್ನಿ.

ಹಾಕಿಕೊಳ್ಳುವವರು ಹಾಕಿಕೊಳ್ಳಿ, 49 ರೂಪಾಯಿ ಮಾತ್ರ ಕೊಡಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಜ್ಯೋತಿಷ್ಯ, ವೈರಲ್, ಆರೋಗ್ಯ ಮೂರನ್ನೂ ಬಂದ್ ಮಾಡಿ. ಮಂಡಿನೋವಿನ ಅಜ್ಜಿ ಇರುವುದು ಆರೋಗ್ಯದಲ್ಲಿ. ಡ್ಯಾಂ ಮಟ್ಟ, ಅಡಿಕೆ ಧಾರಣೆ, 'ವಿಚಿತ್ರ' ಇರಲಿ. ಓದುವ ವೇಗ ಸ್ವಲ್ಪ ಕಡಿಮೆ ಇಡಿ, ಇಲ್ಲದಿದ್ದರೆ ಸರೋಜಕ್ಕ ಬಸ್ಸು ತಪ್ಪಿಹೋಗುತ್ತದೆ ಅನ್ನುವವರ ಥರ ಓದುತ್ತಾಳೆ. ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ನಾನು ಈಗಲೂ ಪಕ್ಕದ ಬೇಕರಿಯಲ್ಲೇ ಕೇಳುವುದು. ಲೈನ್‌ಮ್ಯಾನ್ ಟೀ ಕುಡಿಯುವುದು ಅಲ್ಲಿ.