ಒಂದು ಫ್ಲ್ಯಾಶ್, ಒಂದು ಬಿಳಿ ಛತ್ರಿ: ಮನೆಮಂದಿಯ ಫೋಟೋಗೆ ಇಷ್ಟು ಸಾಕಾ?

ಮನೆಯಲ್ಲೇ ಕುಟುಂಬದ ಫೋಟೋ ತೆಗೆಯೋಕೆ ಕಡಿಮೆ ಖರ್ಚಿನ ಲೈಟ್ ಹುಡುಕುತ್ತಿದ್ದೀರಾ? ಕೈಯಲ್ಲಿ ಕ್ಯಾಮೆರಾ ಇದ್ದರೆ ಎಲ್‌ಇಡಿ ಬಿಟ್ಟು ಫ್ಲ್ಯಾಶ್ ತೆಗೆದುಕೊಳ್ಳಿ. ಫೋನಿನಲ್ಲೇ ತೆಗೆಯುವವರಾದರೆ ಎಲ್‌ಇಡಿಯೇ ಸರಿ, ನಾನು ಬಳಸುವ ಬಗೆಯ ಫ್ಲ್ಯಾಶ್ ಫೋನಿನ ಜೊತೆ ಕೆಲಸ ಮಾಡುವುದಿಲ್ಲ.

ನನ್ನದು ತೀರಾ ಸಾಧಾರಣ ಸೆಟ್. ನಾಲ್ಕು ಎಎ ಸೆಲ್ ಹಾಕುವ, ಪವರ್ ಕೈಯಾರೆ ಹೊಂದಿಸುವ ಮ್ಯಾನುಯಲ್ ಫ್ಲ್ಯಾಶ್, ಕ್ಯಾಮೆರಾದ ತಲೆ ಮೇಲೆ ಕೂತು ವೈರ್ ಇಲ್ಲದೆ ಫ್ಲ್ಯಾಶ್ ಮಿಂಚಿಸುವ 2.4 ಗಿಗಾಹರ್ಟ್ಸ್ ಟ್ರಿಗ್ಗರ್, ಮಡಚುವ ಸ್ಟ್ಯಾಂಡ್, ಫ್ಲ್ಯಾಶ್ ಮತ್ತು ಛತ್ರಿ ಎರಡನ್ನೂ ಅದರ ಮೇಲೆ ಹಿಡಿದುಕೊಳ್ಳುವ ಬ್ರಾಕೆಟ್, ಫ್ಲ್ಯಾಶ್ ಬೆಳಕನ್ನು ಅಗಲವಾಗಿ ಹರಡುವ 43 ಇಂಚಿನ ಬಿಳಿ ಛತ್ರಿ. ಕೆಲವು ವರ್ಷಗಳಿಂದ ಪಾಪುವಿನ ಫೋಟೋಗೂ ಇದೇ, ಎಲ್ಲರೂ ಸೇರಿದಾಗಿನ ಗ್ರೂಪ್ ಫೋಟೋಗೂ ಇದೇ.

ಎಲ್‌ಇಡಿ ಯಾಕೆ ಬೇಡ ಅಂದರೆ, ಮಕ್ಕಳು ಸುಮ್ನೆ ಕೂರುವುದಿಲ್ಲ. ಕಡಿಮೆ ಬೆಲೆಯ ಎಲ್‌ಇಡಿಗೆ ಬೆಳಕು ಮೃದು ಮಾಡುವ ಬಟ್ಟೆಯ ಡಬ್ಬ, ಅಂದರೆ ಸಾಫ್ಟ್‌ಬಾಕ್ಸ್ ಸಿಕ್ಕಿಸಿದರೆ ಬೆಳಕು ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಆಮೇಲೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಏರಿಸಬೇಕು, ಇಲ್ಲವೇ ಶಟರ್ ನಿಧಾನ ಮಾಡಬೇಕು. ಶಟರ್ ನಿಧಾನವಾದರೆ ಮಗುವಿನ ಕೈ ಮಸುಕು, ಐಎಸ್‌ಒ ಏರಿದರೆ ಫೋಟೋ ತುಂಬ ಕಾಳು ಕಾಳು. ಫ್ಲ್ಯಾಶ್‌ನಲ್ಲಿ ಈ ಪೇಚಾಟವೇ ಇಲ್ಲ. ಕಾಲು ಪವರ್‌ನಲ್ಲಿ ಅದರ ಮಿಂಚು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಮಗು ನೆಗೆಯುತ್ತಿದ್ದರೂ ಕೂದಲೆಳೆ ಸಮೇತ ನಿಂತುಬಿಡುತ್ತದೆ.

ಇನ್ನೊಂದು ಲಾಭ ಬಣ್ಣದ್ದು. ಐಎಸ್‌ಒ 100, ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/160 ಸೆಕೆಂಡ್ ಇಟ್ಟರೆ ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಫೋಟೋದಲ್ಲಿ ಅದರ ಸುಳಿವೇ ಇರುವುದಿಲ್ಲ. ಬೀಳುವುದೆಲ್ಲ ಫ್ಲ್ಯಾಶ್ ಬೆಳಕು, ಅದು ಹೆಚ್ಚುಕಡಿಮೆ ಹಗಲಿನ ಬಣ್ಣದ್ದು. ಎಲ್‌ಇಡಿಯಲ್ಲಿ ಮನೆಯ ಬಲ್ಬನ್ನೆಲ್ಲ ಆರಿಸದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಮಾಡುವುದು ಯಾರಿಗೆ ಬೇಕು? ಗೋಡೆಯ ಬಣ್ಣದಿಂದ ಮಾತ್ರ ಫ್ಲ್ಯಾಶ್ ಕೂಡ ಕಾಪಾಡುವುದಿಲ್ಲ. ಹಸಿರು ಗೋಡೆಯ ಪಕ್ಕ ನಿಲ್ಲಿಸಿದರೆ ಮುಖಕ್ಕೂ ಒಂದಿಷ್ಟು ಹಸಿರು ಬಂದೇ ಬರುತ್ತದೆ.

ಟಿಟಿಎಲ್ (ಬೆಳಕು ಅಳೆದು ಪವರ್ ತಾನೇ ಹೊಂದಿಸುವ ವ್ಯವಸ್ಥೆ) ಇರುವ ದುಬಾರಿ ಫ್ಲ್ಯಾಶ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಮನೆ ಫೋಟೋಗೆ ಬೇಡವೇ ಬೇಡ. ಛತ್ರಿ ಒಂದು ಕಡೆ, ಕುರ್ಚಿ ಒಂದು ಕಡೆ ಇಟ್ಟ ಮೇಲೆ ದೂರ ಬದಲಾಗುವುದಿಲ್ಲ, ಪವರ್ ಒಮ್ಮೆ ಹೊಂದಿಸಿದರೆ ಮುಗಿಯಿತು. ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಬೆಳಕು ಅಳೆಯಲು ಟಿಟಿಎಲ್ ನಿಜವಾದ ಮಿಂಚಿಗೆ ಮುಂಚೆ ಚಿಕ್ಕದೊಂದು ಮಿಂಚು ಬಿಡುತ್ತದೆ. ಕೆಲವರು ಅದಕ್ಕೇ ಕಣ್ಣು ಮಿಟುಕಿಸಿಬಿಡುತ್ತಾರೆ, ಫೋಟೋದಲ್ಲಿ ರೆಪ್ಪೆ ಅರ್ಧ ಮುಚ್ಚಿರುತ್ತದೆ. ನಮ್ಮ ಅಜ್ಜಿ ಈ ಪಂಗಡಕ್ಕೆ ಸೇರಿದವರು. ಮ್ಯಾನುಯಲ್‌ನಲ್ಲಿ ಆ ಮೊದಲ ಮಿಂಚೇ ಇಲ್ಲ. ಅಜ್ಜಿಯ ಕಣ್ಣು ತೆರೆದೇ ಇರುತ್ತದೆ.

ಛತ್ರಿ ವಿಷಯಕ್ಕೆ ಬರೋಣ, ದುಡ್ಡು ಹಾಕಬೇಕಾದದ್ದು ಇಲ್ಲಿ. ಮುಖದ ಮೇಲೆ ನೆರಳು ಮೃದುವಾಗಿ ಬೀಳುವುದಕ್ಕೂ ವ್ಯಾಟ್‌ಗೂ ಸಂಬಂಧವಿಲ್ಲ. ಮುಖದ ಕಡೆಯಿಂದ ನೋಡಿದರೆ ಬೆಳಕು ಎಷ್ಟು ಅಗಲ ಕಾಣುತ್ತದೆ ಅನ್ನುವುದೇ ಲೆಕ್ಕ. ದೊಡ್ಡ ಛತ್ರಿಯನ್ನು ಹತ್ತಿರ ತಂದರೆ ಮೂಗಿನ ಪಕ್ಕದ ಗಡುಸು ನೆರಳು ಕರಗಿಹೋಗುತ್ತದೆ. ಅದೇ ಛತ್ರಿಯನ್ನು ಕೋಣೆಯ ಆ ಮೂಲೆಗೆ ಒಯ್ದರೆ ನೆರಳು ಮತ್ತೆ ಹರಿತ. ಒಬ್ಬರ ಫೋಟೋಗೆ ನಾನು ಛತ್ರಿಯನ್ನು ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ತರುತ್ತೇನೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, 45 ಡಿಗ್ರಿ ಪಕ್ಕಕ್ಕೆ. ಇನ್ನೊಂದು ಬದಿಗೆ ಬೆಳಕು ವಾಪಸ್ ಚಿಮ್ಮಿಸಲು ಒಂದು ಥರ್ಮಾಕೋಲ್ ಹಾಳೆ. ಎರಡನೇ ಲೈಟ್ ಬೇಕು ಅಂತ ನನಗಂತೂ ಅನಿಸಿಲ್ಲ.

ಗ್ರೂಪ್ ಫೋಟೋದಲ್ಲಿ ಮಾತ್ರ ಈ ಹತ್ತಿರದ ಸೂತ್ರ ನಡೆಯುವುದಿಲ್ಲ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಛತ್ರಿ ಪಕ್ಕದಲ್ಲಿ 1 ಮೀಟರ್ ದೂರದಲ್ಲಿ ಕೂತ ಚಿಕ್ಕಪ್ಪನಿಗೂ 2 ಮೀಟರ್ ಆಚೆ ಇರುವ ಅತ್ತೆಗೂ ನಾಲ್ಕು ಪಟ್ಟು ವ್ಯತ್ಯಾಸ. ಚಿಕ್ಕಪ್ಪ ಬೆಳ್ಳಗೆ, ಅತ್ತೆ ಕತ್ತಲಲ್ಲಿ. ಆಮೇಲೆ ಅತ್ತೆಗೆ ಉತ್ತರ ಕೊಡುವವರು ಯಾರು? ಛತ್ರಿಯನ್ನು 3 ಮೀಟರ್ ಹಿಂದಕ್ಕೆ ಒಯ್ದು ಆದಷ್ಟು ಕ್ಯಾಮೆರಾ ಕಡೆಗೆ ಸರಿಸಿದರೆ ಎಲ್ಲರಿಗೂ ಹೆಚ್ಚುಕಡಿಮೆ ಸಮ ಬೆಳಕು. ನೆರಳು ತುಸು ಗಡುಸಾಗುತ್ತದೆ, ಆಗಲಿ. ಎರಡು ಸಾಲಿದ್ದರೆ ಎಫ್ 8 ಇಡಿ, ಹಿಂದಿನ ಸಾಲೂ ಸ್ಪಷ್ಟ ಬರುತ್ತದೆ. ಪುಟ್ಟ ಫ್ಲ್ಯಾಶ್ ಏದುಸಿರು ಬಿಡುವುದು ಇಂಥ ಕಡೆಯೇ. ಪೂರ್ತಿ ಪವರ್‌ನಲ್ಲಿ ಒಂದು ಬಾರಿ ಮಿಂಚಿದರೆ ಮುಂದಿನದಕ್ಕೆ ಕೆಲವು ಸೆಕೆಂಡ್ ಕಾಯಬೇಕು. ಬೇಗ ಬೇಗ ಒತ್ತುತ್ತಾ ಹೋದರೆ ಬಿಸಿಯಾಗಿ ತಾನೇ ನಿಧಾನ ಮಾಡಿಕೊಳ್ಳುತ್ತದೆ.

ಸೆಲ್ ಬಗ್ಗೆ ಜಿಪುಣತನ ಬೇಡ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ, ಸಾದಾ ಆಲ್ಕಲೈನ್ ಮೇಲೆ 1.5. ಆದರೂ ಫ್ಲ್ಯಾಶ್ ಬೇಗ ತುಂಬಿಕೊಳ್ಳುವುದು ಮೊದಲಿನದರಲ್ಲೇ, ಯಾಕೆಂದರೆ ಒಮ್ಮೆಗೇ ಜಾಸ್ತಿ ಕರೆಂಟ್ ಕೊಡುವ ತಾಕತ್ತು ಅದಕ್ಕಿದೆ. ಫೋಟೋ ಮುಗಿದ ಮೇಲೆ ಸೆಲ್ ತೆಗೆದಿಡಿ.

ಕನ್ನಡಕ ಹಾಕಿದವರಿದ್ದರೆ ಗಾಜಿನಲ್ಲಿ ಇಡೀ ಛತ್ರಿ ಕಡ್ಡಿ ಸಮೇತ ಕಾಣಿಸುತ್ತದೆ. ಛತ್ರಿಯನ್ನು ಇನ್ನೂ ಮೇಲಕ್ಕೆತ್ತಿ, ಗಲ್ಲ ಸ್ವಲ್ಪ ಇಳಿಸಲು ಹೇಳಿ. ಅಷ್ಟಕ್ಕೆ ಹೋಗುತ್ತದೆ. ರಿಂಗ್ ಲೈಟ್‌ನಲ್ಲಿ ಈ ಉಪಾಯ ಕಷ್ಟ, ಅದು ಇರುವುದೇ ಲೆನ್ಸ್ ಸುತ್ತ.

ಇಷ್ಟು ದಿನದಲ್ಲಿ ಕೆಟ್ಟದ್ದು ಏನು? ಫ್ಲ್ಯಾಶ್ ಗಟ್ಟಿಯಾಗಿದೆ. ಟ್ರಿಗ್ಗರ್ ಅಪರೂಪಕ್ಕೊಮ್ಮೆ ಕೈಕೊಡುತ್ತದೆ, ಸ್ವಿಚ್ ಆರಿಸಿ ಹಾಕಿದರೆ ಸರಿ. ನಿಜವಾಗಿ ತಲೆನೋವು ಕೊಟ್ಟದ್ದು ಸೆಟ್ ಜೊತೆ ಬಂದ ಪ್ಲಾಸ್ಟಿಕ್ ಬ್ರಾಕೆಟ್. ಅದರ ತಿರುಪಿನ ಹಲ್ಲು ಸವೆದು, ಬಿಗಿ ಮಾಡಿದಷ್ಟೂ ಛತ್ರಿ ನಿಧಾನಕ್ಕೆ ತಲೆ ಬಾಗಿಸುತ್ತಿತ್ತು. ಮೊದಲ ಫೋಟೋದಲ್ಲಿ ಕಣ್ಣಲ್ಲಿ ಇರುವ ಹೊಳಪಿನ ಚುಕ್ಕೆ ನಾಲ್ಕನೆಯದಕ್ಕೆ ಕೆಳಗಿಳಿದಿರುತ್ತಿತ್ತು, ಗಲ್ಲದ ಕೆಳಗಿನ ನೆರಳೂ ಮಾಯ. ಲೋಹದ ಬ್ರಾಕೆಟ್ ಹಾಕಿದ ಮೇಲೆ ಆ ಕಾಟ ನಿಂತಿತು. ಛತ್ರಿಯ ಬಟ್ಟೆ ಈಗ ಸ್ವಲ್ಪ ಹಳದಿಗೆ ತಿರುಗಿದೆ, ಚರ್ಮದ ಬಣ್ಣವೂ ಅಷ್ಟೇ ಬೆಚ್ಚಗೆ ಬರುತ್ತಿದೆ. ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಸರಿದೂಗಿಸಬಹುದು, ಹಾಗಾಗಿ ಇನ್ನೂ ಬದಲಿಸಿಲ್ಲ.

ಸ್ಟ್ಯಾಂಡ್ ಹಗುರ. ಛತ್ರಿ ಬಿಚ್ಚಿದಾಗ ಫ್ಯಾನ್ ಗಾಳಿಗೂ ಓಲಾಡುತ್ತದೆ. ಓಡಾಡುವ ಮಕ್ಕಳಿರುವ ಮನೆಯಲ್ಲಿ ಕಾಲಿಗೆ ಮರಳಿನ ಚೀಲ ಕಟ್ಟದೆ ಇದನ್ನು ನಿಲ್ಲಿಸಲೇಬೇಡಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಹೋದ ಒಂದು ಸ್ಟಾರ್ ಆ ಬ್ರಾಕೆಟ್‌ಗೆ.