ಎಡಚನ ಕೈಗೆ ಬಲಗೈ ರಾಸ್ಪ್

ಗಿಟಾರ್ ನೆಕ್ (ತಂತಿಗಳು ಹಾಯುವ ಉದ್ದನೆಯ ಕತ್ತು) ಕೆತ್ತುವುದಕ್ಕೆ ಅಂತಲೇ ಈ ಅರ್ಧ ದುಂಡು ರಾಸ್ಪ್, ಅಂದರೆ ಮರ ಉಜ್ಜಿ ಇಳಿಸುವ ಒರಟು ಹಲ್ಲಿನ ಅರ, ತೆಗೆದುಕೊಂಡೆ. ಹಲ್ಲುಗಳನ್ನು ಯಂತ್ರದಲ್ಲಲ್ಲ, ಕೈಯಲ್ಲೇ ಒಂದೊಂದಾಗಿ ಎಬ್ಬಿಸಿದ್ದಾರೆ.

ಎಳೆಗಳು ಅಲೆಅಲೆಯಾಗಿರುವ ಮೇಪಲ್ ಮರದ ಮೇಲೆ ಸ್ಪೋಕ್‌ಶೇವ್ (ಎರಡು ಹಿಡಿಯ ಸಣ್ಣ ಉಜ್ಜುಗೊರಡು) ಓಡಿಸಿದರೆ, ಎಳೆ ತಿರುಗುವ ಕಡೆ ಚಕ್ಕೆ ಕಿತ್ತು ಬರುತ್ತದೆ. ರಾಸ್ಪ್‌ಗೆ ಆ ತಕರಾರಿಲ್ಲ. ಮೊದಲ ಫ್ರೆಟ್ (ಸ್ವರದ ಜಾಗ ಗುರುತಿಸುವ ಅಡ್ಡ ಲೋಹದ ಪಟ್ಟಿ) ಮತ್ತು 12ನೇ ಫ್ರೆಟ್ ಹತ್ತಿರ ಮೊದಲು ದಪ್ಪ ಇಳಿಸುತ್ತೇನೆ. ಫಿಂಗರ್‌ಬೋರ್ಡ್ (ಬೆರಳಿಡುವ ಮೇಲಿನ ಹಲಗೆ) ಸೇರಿ ಕ್ರಮವಾಗಿ 21 ಮತ್ತು 23 ಮಿ.ಮೀ. ನನ್ನ ಕೈಗೆ ಹಿತ. ಆಮೇಲೆ ಆ ಎರಡು ಜಾಗಗಳ ನಡುವಿನದನ್ನೂ ಅದಕ್ಕೆ ಸರಿಯಾಗಿ ಇಳಿಸಿ, ಅಂಚನ್ನು ಓರೆ ಪಟ್ಟಿಗಳಾಗಿ ತೆಗೆಯುತ್ತಾ ದುಂಡಗೆ ತರುತ್ತೇನೆ. ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗಿಡುವ ಲೋಹದ ಸರಳು) ಕೂರುವ ಕಾಲುವೆ ಎಷ್ಟು ಆಳ ಇದೆ ಅಂತ ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದುಕೊಂಡೇ ಶುರು. ಸರಳು ಹೊರಗೆ ಕಂಡರೆ ನೆಕ್ ಹೋಯ್ತು ಅಂತಲೇ ಲೆಕ್ಕ. ನೆಕ್ ಗಿಟಾರ್ ಮೈಗೆ ಸೇರುವ ಹೀಲ್ ತಿರುವಿಗೆ ರಾಸ್ಪ್‌ನ ದುಂಡು ಮೈ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಅಲ್ಲಿ ಬೇಕೆಂತಲೇ ನಿಧಾನ ಮಾಡುತ್ತೇನೆ.

ದೀಪವನ್ನು ಪಕ್ಕಕ್ಕೆ, ತಗ್ಗಿನಲ್ಲಿ ಇಟ್ಟರೆ ಉಬ್ಬುಗಳೆಲ್ಲ ನೆರಳಾಗಿ ಕಾಣುತ್ತವೆ. ನೆರಳಿಗೆ ಸಿಗದ್ದು ಹೆಬ್ಬೆರಳಿಗೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ನೈಲಾನ್ ಬ್ರಷ್‌ನಿಂದ ಪುಡಿ ಕೊಡವಿ, ಹಲ್ಲಿಗೆ ಸ್ವಲ್ಪ ಸೀಮೆಸುಣ್ಣ ತಿಕ್ಕಿ, ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಬೇರೆ ಅರಗಳ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಹಲ್ಲು ಮೊಂಡಾಗುತ್ತದೆ.

ಇನ್ನು ಸಿಟ್ಟಿನ ವಿಷಯ. ನಾನು ಎಡಚ. ಹಲ್ಲುಗಳು ಒಂದೇ ಗೆರೆಯಲ್ಲಿ ಇಲ್ಲದ್ದರಿಂದ ಗೀರು ಬೀಳುವುದಿಲ್ಲ ಅನ್ನುವುದೇ ಇದರ ಹೆಗ್ಗಳಿಕೆ, ಅಲ್ವಾ? ಆದರೆ ಆ ಜೋಡಣೆ ಬಲಗೈಯವರು ಓರೆಯಾಗಿ ತಳ್ಳುವುದಕ್ಕೆ ಹೊಂದಿಸಿದ್ದು. ನನ್ನ ಕೈಯಲ್ಲಿ ಉದ್ದಕ್ಕೂ ಗೆರೆ ಬೀಳುತ್ತದೆ. ಎಡಗೈಗೆ ಬೇರೆಯೇ ರಾಸ್ಪ್ ಸಿಗುತ್ತದೆ. ಮಾರಿದವರು ಯಾವ ಕೈ ಅಂತ ಕೇಳಲೇ ಇಲ್ಲ. ಬದಲಿಸಿ ಕೊಡಿ ಅಂದರೆ, ಮರಕ್ಕೆ ತಾಗಿಸಿದ ಮೇಲೆ ವಾಪಸ್ ಇಲ್ಲವಂತೆ! ತಾಗಿಸದೆ ಗೊತ್ತಾಗುವುದು ಹೇಗೋ?

ಈಗ ಒರಟು ಕೆಲಸಕ್ಕೆ ಬಲಗೈಯಲ್ಲಿ ಹಿಡಿಯುತ್ತೇನೆ, ಕೊನೆಯ ನಯಕ್ಕೆ ಸ್ಕ್ರೇಪರ್ (ಮರ ಹೆರೆಯುವ ತೆಳು ಉಕ್ಕಿನ ತಗಡು). ಬಲಗೈ ಅಷ್ಟಿಷ್ಟು ಪಳಗಿದೆ, ಸಿಟ್ಟೂ ಇಳಿದಿದೆ. ಬಲಗೈಯವರು ಯೋಚನೆ ಮಾಡದೆ ಕೊಳ್ಳಿ. ಅಪರೂಪಕ್ಕೆ ನೆಕ್ ಮಾಡುವವರು ಸುಮ್ನೆ ಇಷ್ಟು ಜಾಸ್ತಿ ದುಡ್ಡು ಸುರಿಯಬೇಡಿ. ಯಂತ್ರದ ಹಲ್ಲಿನ ರಾಸ್ಪ್ ಸಾಕು, ಗೀರು ತೆಗೆಯಲು ಮರಳು ಕಾಗದ ತುಸು ಹೆಚ್ಚು ಉಜ್ಜಬೇಕು, ಅಷ್ಟೇ. ಎಡಚರು ದುಡ್ಡು ಕೊಡುವ ಮುಂಚೆ ಯಾವ ಕೈಯದ್ದು ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.