ಚೀಟಿ ಬರೆಸಿ ತಂದ ಸಿಲ್ಡೆನಾಫಿಲ್, ಆಮೇಲೆ ತಡಾಲಾಫಿಲ್: ಎರಡು ವರ್ಷ ದಾಟಿದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಯಾವ ಬ್ರ್ಯಾಂಡಿನ ವಿಮರ್ಶೆಯೂ ಅಲ್ಲ. ನಮ್ಮ ದೇಶದಲ್ಲಿ ಬ್ರ್ಯಾಂಡ್‌ಗಳು ಡಜನ್‌ಗಟ್ಟಲೆ ಇವೆ, ಒಳಗಿರುವ ಔಷಧ ಅದೇ ಎರಡು-ಮೂರು. ನಿಮಿರು ದೌರ್ಬಲ್ಯಕ್ಕೆಂದು ಡಾಕ್ಟರ ಹತ್ತಿರ ಹೋಗಿ, ಚೀಟಿ ಬರೆಸಿಕೊಂಡು, ಲೈಸೆನ್ಸ್ ಇರುವ ಅಂಗಡಿಯಿಂದ ಬಿಲ್ ಸಮೇತ ಮಾತ್ರೆ ತರುತ್ತೇವಲ್ಲ, ಆ ಇಡೀ ದಾರಿ ಹೇಗಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಊರು ದಾವಣಗೆರೆ. ವಯಸ್ಸು ಐವತ್ತು ದಾಟಿದೆ, ಶುಗರ್ ಇದೆ, ಬಿ.ಪಿ.ಗೆ ದಿನಾ ಒಂದು ಮಾತ್ರೆ. ಇದೇ ಜಾತಕದವರು ಬೇಕಾದಷ್ಟು ಜನ ಇದ್ದೀರಿ, ಬಾಯಿಬಿಟ್ಟು ಹೇಳುವವರು ಕಡಿಮೆ ಅಷ್ಟೇ.

"ಚೀಟಿ ಇಲ್ಲದೇನೂ ಕೊಡ್ತಾರಲ್ಲೋ ಮಾರಾಯ, ನಿನಗ್ಯಾಕೆ ಈ ರಾಮಾಯಣ?" ಅಂತ ಗೆಳೆಯನೊಬ್ಬ ನಕ್ಕ. ಕೊಡುವವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಇವು ಷೆಡ್ಯೂಲ್ ಎಚ್ ಔಷಧಗಳು, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ ತಿರುಗಿಸಿ ನೋಡಿ, ಎಡಗಡೆ ಉದ್ದಕ್ಕೂ ಕೆಂಪು ಗೆರೆ ಇರುತ್ತದೆ, ಜೊತೆಗೆ ಎಚ್ಚರಿಕೆಯ ಸಾಲು. ಕಾನೂನು ಹಾಗಿರಲಿ, ನನಗೆ ಮುಖ್ಯ ಅನಿಸಿದ್ದು ಬೇರೆ. ಮೆಡಿಕಲ್‌ನ ಹುಡುಗ "ಎದೆನೋವಿಗೆ ನಾಲಿಗೆ ಅಡಿ ಇಟ್ಟುಕೊಳ್ಳೋ ಮಾತ್ರೆ ಏನಾದ್ರೂ ಇದೆಯಾ?" ಅಂತ ಕೇಳುವುದಿಲ್ಲ. ನಾನು ಫೀಸು ಕೊಟ್ಟದ್ದು ಆ ಪ್ರಶ್ನೆಗೆ. ಮಾತ್ರೆ ಅಗ್ಗದ್ದೇ.

ಯೂರಾಲಜಿಸ್ಟ್ ಹತ್ತಿರ ಹೋಗುವುದರಲ್ಲಿ ಒಂದು ಅನುಕೂಲ ಇದೆ. ಹೊರಗೆ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಕಿಡ್ನಿ ಸ್ಟೋನಿನವರು, ಉಳಿದವರು ಪ್ರಾಸ್ಟೇಟ್ ತೊಂದರೆಯ ಹಿರಿಯರು. ನೀವು ಯಾಕೆ ಬಂದಿದ್ದೀರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೂಪನ್ ಕೊಡುವಾಕೆ ಎಲ್ಲರೆದುರು "ಏನ್ ತೊಂದ್ರೆ ಸರ್?" ಅಂದರೆ "ಯೂರಿನ್ನು" ಅಂದರಾಯಿತು, ಮಿಕ್ಕದ್ದು ಬಾಗಿಲು ಮುಚ್ಚಿದ ಮೇಲೆ.

ಡಾಕ್ಟರು ಶುರು ಮಾಡಿದ್ದೇ ಮೆಟ್ಟಿಲಿನಿಂದ. ಎರಡು ಮಹಡಿ ಒಂದೇ ಸಮನೆ ಹತ್ತಿದರೆ ಏದುಸಿರು ಬರುತ್ತದೆಯೇ, ಎದೆ ಹಿಡಿದಂತಾಗುತ್ತದೆಯೇ? ಅಷ್ಟು ಶ್ರಮ ತಡೆಯದ ಹೃದಯಕ್ಕೆ ಮಾತ್ರೆ ಬರೆಯುವ ಮುಂಚೆ ಹೃದಯದ ಡಾಕ್ಟರು ನೋಡಬೇಕಂತೆ. ಬೆಳಗ್ಗೆ ಏಳುವಾಗ ತಾನಾಗಿ ನಿಮಿರುತ್ತದೆಯೇ ಅಂತಲೂ ಕೇಳಿದರು. ಆಗುತ್ತದೆ ಅಂದರೆ ತೊಂದರೆ ಮನಸ್ಸಿನ ಕಡೆಯದಿರಬಹುದು, ಆಗುವುದೇ ಇಲ್ಲ ಅಂದರೆ ರಕ್ತನಾಳ, ನರ, ಹಾರ್ಮೋನುಗಳ ಕಡೆ ಹುಡುಕಬೇಕು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಒಂದೊಂದೇ ತಿರುಗಿಸಿ ನೋಡಿದರು. ಅಟೆನೊಲಾಲ್‌ನಂಥ ಕೆಲವು ಬಿ.ಪಿ. ಮಾತ್ರೆಗಳಿಂದಲೂ ಈ ತೊಂದರೆ ಬರಬಹುದಂತೆ. "ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಬರೆದವರನ್ನ ಕೇಳಿ" ಅಂದರು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತೀರಾ, ಕಣ್ಣಿನ ನರಕ್ಕೆ ಏನಾದರೂ ಆಗಿತ್ತಾ, ಲಿವರ್ ಹೇಗಿದೆ, ಎಲ್ಲ ಬಂತು.

ಆಮೇಲೆ ಸಾರ್ಬಿಟ್ರೇಟ್ ವಿಷಯ. ಇದನ್ನು ಮಾತ್ರ ಎರಡು ಸಲ ಹೇಳಿದರು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್‌ನಂಥ ನೈಟ್ರೇಟ್ ಔಷಧಗಳೂ ಈ ಮಾತ್ರೆಗಳೂ ರಕ್ತನಾಳ ಸಡಿಲಿಸುವುದು ಒಂದೇ ರಾಸಾಯನಿಕ ದಾರಿಯಲ್ಲಿ. ಎರಡೂ ಒಟ್ಟಿಗೆ ಒಳಗೆ ಹೋದರೆ ಬಿ.ಪಿ. ಪಾತಾಳಕ್ಕಿಳಿಯುತ್ತದೆ, ಜೀವಕ್ಕೇ ಅಪಾಯ. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ತಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೊಡುವಂತಿಲ್ಲ. ನಮ್ಮ ಕಡೆ ಎದೆ ಹಿಡಿಯಿತು ಅಂದರೆ ಪಕ್ಕದ ಮನೆಯವರ ಡಬ್ಬಿಯಿಂದಾದರೂ ಸಾರ್ಬಿಟ್ರೇಟ್ ತಂದು ಬಾಯಿಗೆ ಹಾಕುತ್ತಾರೆ. ಅದಕ್ಕೇ ಡಾಕ್ಟರು, "ನಿಮ್ಮ ಮನೆಯವರಿಗೆ ಗೊತ್ತಿರಲಿ. ಎಮರ್ಜೆನ್ಸಿಗೆ ಹೋದರೆ ಮೊದಲ ಮಾತೇ ಇದಾಗಿರಲಿ, ನಾಚಿಕೆ ಆಮೇಲೆ" ಅಂದರು. ತಮಾಷೆ ಏನೆಂದರೆ, ಸಿಲ್ಡೆನಾಫಿಲ್ಲನ್ನು ಫೈಜರ್ ಕಂಪನಿ ಇಂಗ್ಲೆಂಡಿನಲ್ಲಿ ಮೊದಲು ಪರೀಕ್ಷೆಗೆ ಒಡ್ಡಿದ್ದೇ ಎದೆನೋವಿನ ಔಷಧವಾಗಿ. ಅಲ್ಲಿ ಅಷ್ಟಕ್ಕಷ್ಟೇ ಆದದ್ದು, 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಈ ತೊಂದರೆಗೆ ಮಂಜೂರಾಯಿತು. ಹೃದಯಕ್ಕೆಂದು ಹುಡುಕಿದ್ದು ಹೃದಯದ ಮಾತ್ರೆಗೇ ಆಗಿಬರುವುದಿಲ್ಲ.

ಮೊದಲ ದಿನ ಮಾತ್ರೆ ಬರೆಯಲಿಲ್ಲ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬೆಳಗಿನ ಹೊತ್ತು ರಕ್ತ ಕೊಡಬೇಕಾದ ಟೆಸ್ಟೊಸ್ಟೆರೋನ್ (ಗಂಡಸರ ಹಾರ್ಮೋನು) ಪರೀಕ್ಷೆ, ಒಂದು ಇಸಿಜಿ ಬರೆದು ಕಳಿಸಿದರು. ನನಗೆ ಸ್ವಲ್ಪ ಸಿಟ್ಟೇ ಬಂತು, ಸುಮ್ಮನೆ ಲ್ಯಾಬಿಗೆ ದುಡ್ಡು ಅಂತ. ಅವರು ಕೊಟ್ಟ ವಿವರಣೆ ಒಪ್ಪುವಂತಿತ್ತು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರಿನದು, ಹೃದಯದ್ದು ಮೂರು-ನಾಲ್ಕು. ಒಳಗೆ ಕೊಬ್ಬು ಕಟ್ಟತೊಡಗಿದರೆ ತೊಂದರೆ ಮೊದಲು ಕಾಣಿಸುವುದು ಸಣ್ಣದರಲ್ಲಿ. ಹೃದಯದ ಸುದ್ದಿ ಕೆಲವು ವರ್ಷ ಮುಂಚೆಯೇ ಇಲ್ಲಿ ಬಂದಿರಬಹುದು. ನನ್ನ ಇಸಿಜಿ ಸರಿ ಇತ್ತು, ಮೂರು ತಿಂಗಳ ಸಕ್ಕರೆ ಮಾತ್ರ ಒಂಬತ್ತು ದಾಟಿ ಕೂತಿತ್ತು. ಸಕ್ಕರೆ ಹೀಗೇ ಇದ್ದರೆ ಮಾತ್ರೆಯಿಂದ ಪೂರ್ತಿ ಪ್ರಯೋಜನ ನಿರೀಕ್ಷಿಸಬೇಡಿ ಅಂತ ಹೇಳಿ ಫಿಜಿಶಿಯನ್‌ಗೂ ಒಂದು ಚೀಟಿ ಬರೆದುಕೊಟ್ಟರು.

ಚೀಟಿಯ ಬಗ್ಗೆ ಬಳಸಿ ಕಲಿತದ್ದು ಕೆಲವಿದೆ. ಅದರಲ್ಲಿ ಡಾಕ್ಟರ ಸಹಿ, ತಾರೀಖು, ನಿಮ್ಮ ಹೆಸರು-ವಿಳಾಸ, ಎಷ್ಟು ಮಾತ್ರೆ, ಯಾವ ಪ್ರಮಾಣ ಎಲ್ಲ ಇರಬೇಕು. ನೋಂದಣಿ ಸಂಖ್ಯೆಯೂ ಇರಲಿ. ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು ಅಂತ ನಿಯಮ. ಮತ್ತೆ ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆದಿದ್ದರೆ ಮಾತ್ರ ಪುನಃ ಸಿಗುತ್ತದೆ. ಹಾಗಾಗಿ ಕೂತಲ್ಲೇ ಕೇಳಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸ್ಟ್ರಿಪ್ಪಿಗೂ ಫೀಸು. ಇನ್ನೊಂದು, ಬ್ರ್ಯಾಂಡ್ ಹೆಸರು ಬರೆದರೆ ಅಂಗಡಿಯವರು ತಾವಾಗಿ ಬೇರೆ ಕಂಪನಿಯದು ಕೊಡುವಂತಿಲ್ಲ. ಔಷಧದ ಮೂಲ ಹೆಸರನ್ನೇ ಬರೆಸಿದರೆ ಅಗ್ಗದ್ದು ಆರಿಸಬಹುದು. ಕಂಪನಿ ಬದಲಾದರೆ ಬೆಲೆಯಲ್ಲಿ ಎರಡು-ಮೂರು ಪಟ್ಟು ಅಂತರ ನಾನೇ ನೋಡಿದ್ದೇನೆ. ಕೆಲಸದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಅಂಗಡಿ. ಇಡೀ ದಾರಿಯಲ್ಲಿ ಕಷ್ಟದ ಜಾಗ ಇದೇ. ಮೊದಲು ಹೋದ ಕಡೆ ಹುಡುಗ ಚೀಟಿ ಓದಿ, ಒಳಗಿನವನಿಗೆ ಮಾತ್ರೆಯ ಹೆಸರು ಹಿಡಿದು ಕೂಗಿ, "ಐವತ್ತೋ ನೂರೋ?" ಅಂದ. ಪಕ್ಕದಲ್ಲಿ ನಮ್ಮ ಬೀದಿಯ ಮೇಷ್ಟ್ರು ಕೆಮ್ಮಿನ ಔಷಧಕ್ಕೆ ನಿಂತಿದ್ದರು. ಆಮೇಲೆ ಆಸ್ಪತ್ರೆ ಹತ್ತಿರದ ಬೇರೆ ಅಂಗಡಿ ಹಿಡಿದೆ. ಅಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರು ಕೂರುತ್ತಾರೆ, ಗೋಡೆಯ ಮೇಲೆ ಲೈಸೆನ್ಸ್ ತೂಗುಹಾಕಿದೆ. ಚೀಟಿ ತಗೊಂಡು, ಹಿಂದೆ ಸೀಲು ಹೊಡೆದು ತಾರೀಖು ಹಾಕಿ, ಸ್ಟ್ರಿಪ್ಪನ್ನು ಕಂದು ಕವರಿಗೆ ಹಾಕಿ, ಬಿಲ್ಲು ಮೇಲಿಟ್ಟು ಕೊಡುತ್ತಾರೆ, ಮಾತಿಲ್ಲ. ಬಿಲ್ಲಿನಲ್ಲಿರುವ ಬ್ಯಾಚ್ ನಂಬರ್ ಸ್ಟ್ರಿಪ್ಪಿನ ಮೇಲಿನದಕ್ಕೆ ಹೊಂದುತ್ತದೆಯೇ ಅಂತ ಅಲ್ಲೇ ನೋಡುತ್ತೇನೆ. ಕತ್ತರಿಸಿದ ತುಂಡು ಬೇಡ ಅನ್ನುತ್ತೇನೆ. ಬ್ಯಾಚು, ಎಕ್ಸ್‌ಪೈರಿ ಅಚ್ಚಾಗಿರುವುದು ಸ್ಟ್ರಿಪ್ಪಿನ ಒಂದು ತುದಿಯಲ್ಲಿ, ಆ ತುದಿ ಇನ್ಯಾರದೋ ಜೇಬಿಗೆ ಹೋಗಿರುತ್ತದೆ.

ಇನ್ನು ಮಾತ್ರೆ. ಸಿಲ್ಡೆನಾಫಿಲ್ 50 ಎಂ.ಜಿ. ಬರೆದಿದ್ದರು, ಬೇಕಾದಾಗ ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ. ನುಂಗಿದ ಮಾತ್ರಕ್ಕೆ ತಾನಾಗಿ ಏನೂ ಆಗುವುದಿಲ್ಲ, ಮನಸ್ಸಿಗೂ ಆಸೆ ಬರಬೇಕು. ಊಟದ ಮೇಲೆ ನಿಂತಿದೆ ಬಹಳಷ್ಟು. ಜಿಡ್ಡಿನ ಊಟ ಆದರೆ ಕೆಲಸ ನಿಧಾನ. ಬೀಗರೂಟ ಮುಗಿಸಿ ಬಂದ ರಾತ್ರಿ ನಂಬಿ ಕೂರಬೇಡಿ. ಹಗುರ ಊಟದ ದಿನ ಹೇಳಿದ ಹೊತ್ತಿಗೆ ಹಿಡಿಯುತ್ತದೆ, ಮಾತ್ರೆಯ ಪ್ರಭಾವ ನಾಲ್ಕೈದು ಗಂಟೆ ಇರುತ್ತದೆ. ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಮರುದಿನ ಬೆಳಗ್ಗೆ ತಲೆ ಭಾರ, ಇಷ್ಟು ನನಗೆ ಬಂದವು. ಕೆಲವರಿಗೆ ಕಣ್ಣಿಗೆ ನೀಲಿ ಛಾಯೆ ಕಾಣುತ್ತದಂತೆ, ನನಗಿಲ್ಲ. ಒಮ್ಮೆ ನಿಮಿರಿದ್ದು ನಾಲ್ಕು ಗಂಟೆ ಮೀರಿ ಇಳಿಯದಿದ್ದರೆ, ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ಕಿವಿ ಕೇಳದಿದ್ದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು ಅಂತ ಬರೆದೇ ಕೊಟ್ಟಿದ್ದರು.

ವರ್ಷದ ನಂತರ ತಡಾಲಾಫಿಲ್‌ಗೆ ಬದಲಾಯಿಸಿದರು, ದಿನಾ 5 ಎಂ.ಜಿ. ಕಾರಣ ಸರಳ, ಗಡಿಯಾರ ನೋಡುವ ಸಂಸಾರ ನಮ್ಮಿಬ್ಬರಿಗೂ ಬೇಜಾರಾಗಿತ್ತು. "ಮಾತ್ರೆ ತಗೊಂಡ್ರಾ ರೀ, ಮಲಗಲಾ?" ಅಂತ ನಮ್ಮನೆಯವಳು ಕೇಳಿದ ಮೇಲೆ ಯಾರಿಗೆ ತಾನೇ ಉತ್ಸಾಹ ಉಳಿಯುತ್ತದೆ? ತಡಾಲಾಫಿಲ್ ಒಂದು ಮಾತ್ರೆಯ ಪ್ರಭಾವ 36 ಗಂಟೆವರೆಗೂ ಇರುತ್ತದೆ, ಊಟದ ಕಾಟವಿಲ್ಲ. ದಿನಾ ಸಣ್ಣ ಪ್ರಮಾಣ ತಗೊಂಡರೆ ಹೊತ್ತು ನೋಡುವ ಪ್ರಶ್ನೆಯೇ ಇಲ್ಲ. ರಾತ್ರಿ ಮೂತ್ರಕ್ಕೆ ಏಳುವುದೂ ಕಡಿಮೆಯಾಯಿತು. ಪ್ರಾಸ್ಟೇಟ್ ಊತಕ್ಕೂ ಇದನ್ನೇ ಕೊಡುತ್ತಾರೆ ಅಂತ ಆಮೇಲೆ ತಿಳಿಯಿತು. ಶುರುವಿನಲ್ಲಿ ಸೊಂಟ ನೋವು ಬಂತು, ಎರಡು ವಾರದಲ್ಲಿ ಹೋಯಿತು. ದಿನಾ ತಗೊಳ್ಳುವುದರಿಂದ ತಿಂಗಳ ಖರ್ಚು ಜಾಸ್ತಿ, ಅದೊಂದು ತೂಗಿ ನೋಡಿ.

ಬೆಂಗಳೂರಿನಲ್ಲಿ ಕೆಲಸದ ಮೇಲೆ ಕೆಲವು ತಿಂಗಳು ಇದ್ದಾಗ ಆನ್‌ಲೈನ್ ಸೇವೆಗಳನ್ನೂ ಬಳಸಿದೆ. ಒಂದರಲ್ಲಿ ವಿಡಿಯೊದಲ್ಲಿ ಡಾಕ್ಟರು ಬಂದರು, ಹೆಸರು, ನೋಂದಣಿ ಸಂಖ್ಯೆ ಪರದೆ ಮೇಲಿತ್ತು, ಹಳೆ ರಿಪೋರ್ಟ್ ಕೇಳಿ ನೋಡಿ ಚೀಟಿ ಬರೆದರು. ಟೆಲಿಮೆಡಿಸಿನ್‌ಗೆ 2020ರ ಮಾರ್ಚ್ 25ರಂದು ಬಂದ ಮಾರ್ಗಸೂಚಿಯಲ್ಲಿ ಡಾಕ್ಟರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು, ಎದುರು ನೋಡಲೇಬೇಕು ಅನಿಸಿದರೆ ರೋಗಿಯನ್ನು ಕರೆಸಬೇಕು ಅಂತಿದೆ. ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲೋ ರಾಷ್ಟ್ರೀಯ ಪಟ್ಟಿಯಲ್ಲೋ ಹುಡುಕಿ ನೋಡಬಹುದು, ನಾನು ನೋಡಿದೆ. ಇನ್ನೊಂದು ಆ್ಯಪಿನಲ್ಲಿ ಮಾತ್ರೆ ಮೊದಲೇ ಬುಟ್ಟಿಗೆ ಹಾಕಿಸಿಕೊಂಡು, ಆಮೇಲೆ ಚಾಟ್‌ನಲ್ಲಿ ವಯಸ್ಸು ಕೇಳಿ ಚೀಟಿ ಕಳಿಸಿಯೇಬಿಟ್ಟರು. ಎದೆನೋವಿನ ಮಾತಿಲ್ಲ, ಬಿ.ಪಿ. ಮಾತಿಲ್ಲ. ಆರ್ಡರ್ ರದ್ದು ಮಾಡಿದೆ. ಕಾಗದದಲ್ಲಿ ಎಲ್ಲ ಸರಿಯಿದ್ದೂ ಆ ಚೀಟಿಯಿಂದ ನನಗೆ ಉಪಯೋಗವೇನು? ದುಡ್ಡಿನ ತೊಂದರೆ ಇರುವವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ, ಮೂತ್ರಾಂಗದ ತೊಂದರೆಗಳಿಗೆಂದೇ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಸಾಲು ಉದ್ದ, ಬೇಗ ಹೋಗಿ.

ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆಯ 'ಗುಪ್ತರೋಗ' ಚೀಟಿಗಳು, ತಿಂಗಳಿಗೊಮ್ಮೆ ಲಾಡ್ಜಿಗೆ ಬರುವ ವೈದ್ಯರು, ಹೈವೇ ಬದಿ ಟೆಂಟಿನ ಗಿಡಮೂಲಿಕೆ ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಲೈಂಗಿಕ ದೌರ್ಬಲ್ಯಕ್ಕೆ ಔಷಧವಿದೆ ಅಂತ ಜನರಿಗೆ ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಅಂದಮೇಲೆ ಜೋರಾಗಿ ಕೂಗುವವರ ಹತ್ತಿರ ಹೋಗದಿರಲು ಅದೊಂದೇ ಕಾರಣ ಸಾಕು. 'ಶುದ್ಧ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ' ಅಂತ ಮಾರುವ ಕ್ಯಾಪ್ಸೂಲ್‌ಗಳಲ್ಲಿ ಲೇಬಲ್ಲಿನ ಮೇಲೆ ಹೇಳದೆ ಸಿಲ್ಡೆನಾಫಿಲ್ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿ ಎಚ್ಚರಿಸಿದೆ. ಸಾರ್ಬಿಟ್ರೇಟ್ ಜೇಬಲ್ಲಿಟ್ಟುಕೊಂಡು ಓಡಾಡುವ ಹಿರಿಯರೊಬ್ಬರು ಆ ಕ್ಯಾಪ್ಸೂಲನ್ನು ಬರೀ ಗಿಡಮೂಲಿಕೆ ಅಂದುಕೊಂಡು ನುಂಗಿದರೆ ಏನಾಗುತ್ತದೆ ಯೋಚಿಸಿ.

ಇಂಗ್ಲೆಂಡಿನಲ್ಲಿರುವ ನನ್ನ ಭಾವಮೈದುನ "ಇಲ್ಲಿ ಚೀಟಿಯೇ ಬೇಡ ಭಾವ, ಬರುವಾಗ ತರಲಾ?" ಅಂದಿದ್ದ. ಹೌದು, ಅಲ್ಲಿ 2018ರಿಂದ ಸಿಲ್ಡೆನಾಫಿಲ್ 50 ಎಂ.ಜಿ. ಫಾರ್ಮಸಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಆದರೆ ಅವನನ್ನೇ ಬಿಡಿಸಿ ಕೇಳಿದರೆ, ಕೊಡುವ ಮುಂಚೆ ಫಾರ್ಮಸಿಸ್ಟ್ ಹೃದಯ, ಬಿ.ಪಿ., ಬೇರೆ ಮಾತ್ರೆಗಳ ಬಗ್ಗೆ ವಿಚಾರಿಸಿದ್ದರಂತೆ. ಪ್ರಶ್ನೆಗಳು ಅಲ್ಲೂ ಇವೆ, ಕೇಳುವವರು ಬೇರೆ. ಬೇಡ ಅಂದೆ.

ಖರ್ಚಿನ ಲೆಕ್ಕ: ಡಾಕ್ಟರ ಫೀಸು 600, ಶುರುವಿನ ಪರೀಕ್ಷೆಗಳಿಗೆ ಅದರ ಕೆಲವು ಪಟ್ಟು, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವುದು. ಸಕ್ಕರೆ ಈಗ ಏಳರ ಆಸುಪಾಸಿನಲ್ಲಿದೆ, ಮಾತ್ರೆಯೂ ಮೊದಲಿಗಿಂತ ಚೆನ್ನಾಗಿ ಹಿಡಿಯುತ್ತಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಔಷಧಿ ಅಂಗಡಿಗಳ ಕೌಂಟರಿಗೆ: ಮಧ್ಯಾಹ್ನ ಹೋದರೆ ಫಾರ್ಮಸಿಸ್ಟ್ ಇರುವುದಿಲ್ಲ, ಸಂಜೆ ಹೋದರೆ ಜನ. ನಾನು ಬೆಳಗ್ಗೆ ಹತ್ತರ ಸುಮಾರಿಗೆ ಹೋಗುತ್ತೇನೆ.